ಮಾತಾಡಿಸಿ ಬರಲು ಯಾರ ಮನೆಗೆ?

ಹೋದ ಚಳಿಗಾಲದಲ್ಲಿ ಒಂದು ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ‘ಮಾಲ್ಗುಡಿ ಡೇಸ್’ ಹಚ್ಚಿಕೊಂಡು ಕೂತಿದ್ದೆ. ಸ್ವಾಮಿಯ ಅಪ್ಪ ಗದರುತ್ತಿದ್ದ, ಅವ್ವ ಮಗನ ಕಡೆ ನಿಂತಿದ್ದಳು. ನನಗೆ ನಗು. ನಗುತ್ತಿದ್ದಂತೆಯೇ ಮನಸ್ಸು ತನ್ನಷ್ಟಕ್ಕೆ ತಾನು ಲೆಕ್ಕಕ್ಕೆ ಬಿತ್ತು. ಅಪ್ಪನಾಗಿದ್ದ ಗಿರೀಶ ಕಾರ್ನಾಡರು ಹೋದದ್ದು 2019ರ ಜೂನಿನಲ್ಲಿ. ಅವ್ವನಾಗಿದ್ದ ವೈಶಾಲಿ ಕಾಸರವಳ್ಳಿ 2010ರಲ್ಲೇ ಹೋದರು. ಇವರಿಬ್ಬರನ್ನೂ ಆಗುಂಬೆಯ ಆ ಮನೆಯೊಳಗೆ ನಿಲ್ಲಿಸಿ ಕ್ಯಾಮೆರಾ ತಿರುಗಿಸಿದ ಶಂಕರ್‌ನಾಗ್ ಎಲ್ಲರಿಗಿಂತ ಮೊದಲು, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ರಸ್ತೆಯಲ್ಲಿ. ವಯಸ್ಸು ಇನ್ನೂ 35. ಫೋನು ಬದಿಗಿಟ್ಟೆ. ಮುಂದಿನ ಕಂತು ನೋಡುವ ಮನಸ್ಸಾಗಲಿಲ್ಲ.

ಇದೆಂಥ ದುಃಖ? ಇವರ ಪೈಕಿ ಒಬ್ಬರನ್ನೂ ನಾನು ಕಂಡವನಲ್ಲ. ಅವರು ತೀರಿಕೊಂಡ ದಿನ ಪೇಪರು ಓದಿ, ಅಯ್ಯೋ ಅಂದು, ಚಹಾ ಕುಡಿದು ಹೊಲಕ್ಕೆ ಹೋದವನು. ಸತ್ತ ದಿನ ಬಾರದ ದುಃಖ ಇಷ್ಟು ವರ್ಷದ ಮೇಲೆ, ಅವರು ನಗಿಸುತ್ತಿರುವಾಗ ಬರುತ್ತದೆಂದರೆ ಏನರ್ಥ?

ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: ‘ನೀ ಅಳೂದು ಅವರಿಗಲ್ಲ, ನಿನ್ನ ಸಣ್ಣತನಕ್ಕ.’ ಸಣ್ಣತನವೆಂದರೆ ನಮ್ಮ ಕಡೆ ಬಾಲ್ಯ; ದಕ್ಷಿಣದವರು ತಪ್ಪು ತಿಳಿಯಬಾರದು. ಈ ಉತ್ತರದಲ್ಲಿ ಸುಳ್ಳಿಲ್ಲ. ರಾಯಬಾಗ ತಾಲೂಕಿನ ನಮ್ಮ ಊರಿಗೆ ಟೀವಿ ಬಂದ ಹೊಸದರಲ್ಲಿ ಕರೆಂಟು ಹೋದರೆ ಕಾಕಾ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಆ ಕಪ್ಪು-ಬಿಳುಪು ಡಬ್ಬಿಗೆ ವಾಯರು ಸಿಕ್ಕಿಸುತ್ತಿದ್ದ. ಚಿತ್ರ ಸಣ್ಣಗೆ ನಡುಗುತ್ತ ಮೂಡಿದರೆ ಪಡಸಾಲೆ ತುಂಬ ಕೂತವರು ಉಸಿರು ಬಿಡುತ್ತಿದ್ದರು. ಮರುದಿನ ಮುಂಜಾನೆ ಬ್ಯಾಟರಿ ಇಳಿದು ಟ್ರ್ಯಾಕ್ಟರ್ ಚಾಲೂ ಆಗದೆ, ರಾತ್ರಿ ಟೀವಿ ನೋಡಿದವರೆಲ್ಲ ಸೇರಿ ಅದನ್ನು ದಬ್ಬಬೇಕು. ಹಿಂದಿ ನಮಗೆ ಬರುತ್ತಿದ್ದುದು ಮರಾಠಿಯ ಹೆಗಲೇರಿ. ಅರ್ಧ ತಿಳಿದದ್ದನ್ನು ಪೂರ್ತಿ ತಿಳಿದವರಂತೆ ಒಬ್ಬರಿಗೊಬ್ಬರು ಹೇಳುತ್ತಿದ್ದೆವು. ಅದೆಲ್ಲ ನೆನಪಾಗಿ ಮನಸ್ಸು ಒದ್ದೆಯಾಗುವುದು ಸಹಜವೇ.

ಆದರೆ ಆ ಉತ್ತರಕ್ಕೇ ಮಾತು ಮುಗಿಯುವುದಿಲ್ಲ. ಅದೇ ಕಾಲದ ಜಾಹೀರಾತಿನ ರಾಗ ಕೇಳಿದರೂ ಬಾಲ್ಯ ನೆನಪಾಗುತ್ತದೆ, ಈ ಚುಚ್ಚು ಇರುವುದಿಲ್ಲ. ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ಈಗ ನಡುವಯಸ್ಸಿನವರು. ಆ ಚಡ್ಡಿ ಹಾಕಿದ ಹುಡುಗ ಎಲ್ಲೂ ಇಲ್ಲ. ಹಾಗಂತ ಅವನನ್ನು ನೋಡಿ ಕರುಳು ಹಿಂಡುವುದಿಲ್ಲ. ಹುಡುಗ ಬೆಳೆದ, ಅಷ್ಟೇ. ಕಳೆದುಹೋದ ಕಾಲವೇ ಈ ದುಃಖದ ಮೂಲವಾಗಿದ್ದರೆ ಸ್ವಾಮಿಯೂ ಅವನ ಅಪ್ಪನೂ ಸಮನಾಗಿ ಅಳಿಸಬೇಕಿತ್ತಲ್ಲ?

ಇನ್ನೊಂದು ಕಡೆಯಿಂದ ನೋಡೋಣ. 2020ರ ಮಾರ್ಚ್ 28ರಿಂದ, ಲಾಕ್‌ಡೌನ್ ಬಿಗಿಯಾಗಿದ್ದಾಗ, ದೂರದರ್ಶನ ರಮಾನಂದ ಸಾಗರರ ‘ರಾಮಾಯಣ’ವನ್ನು ಮತ್ತೆ ಹಚ್ಚಿತು. ಸಾಗರರು 2005ರಲ್ಲೇ ಹೋಗಿದ್ದರು. ಹನುಮಂತನಾಗಿದ್ದ ದಾರಾಸಿಂಗ್ 2012ರಲ್ಲಿ, ಮಂಥರೆ ಲಲಿತಾ ಪವಾರ್ 1998ರಲ್ಲಿ. ರಾವಣನಾಗಿದ್ದ ಅರವಿಂದ ತ್ರಿವೇದಿ ಇನ್ನೂ ಇದ್ದರು, ಮರುವರ್ಷ ತೀರಿಕೊಂಡರು. ಅಂದರೆ ಬಹಳಷ್ಟು ಮುಖಗಳು ಹೋದವರವೇ. ಆದರೂ ನಮ್ಮ ಆಯಿ ದಾರಾಸಿಂಗ್ ಕಂಡೊಡನೆ ಮೊದಲಿನಂತೆಯೇ ಕೈ ಮುಗಿದಳು. ‘ಇಂವಾ ಸತ್ತ ಎಂಟ ವರ್ಸ ಆತ ಆಯೀ’ ಅಂದೆ. ‘ಹನುಮಪ್ಪ ಎಲ್ಲಿ ಸಾಯ್ತಾನೋ ತಮ್ಮಾ’ ಅಂದಳು.

ಆಯಿಯ ಮಾತನ್ನು ಬರೀ ಭಕ್ತಿ ಅಂದುಕೊಂಡಿದ್ದೆ. ಈಗ ಅದರೊಳಗೆ ನಾಟಕದ ಒಂದು ಹಳೆಯ ತಿಳಿವಳಿಕೆ ಇದೆ ಅನ್ನಿಸುತ್ತದೆ. ಆಕೆ ಬೆಳೆದದ್ದು ಶ್ರೀಕೃಷ್ಣ ಪಾರಿಜಾತ ನೋಡಿ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ ಆ ಬಯಲಾಟ ಗೋಕಾಕ, ರಾಯಬಾಗ, ಅಥಣಿ ಸೀಮೆಯಲ್ಲಿ ರಾತ್ರಿಯಿಡೀ ನಡೆಯುವಂಥದು. ಕೌಜಲಗಿ ನಿಂಗಮ್ಮ ಅದನ್ನು ಹಾಡಿ ಕುಣಿದು ಹೆಸರಾದವಳು. ನಿಂಗಮ್ಮ ಹೋದಳು, ಪಾರಿಜಾತ ಹೋಗಲಿಲ್ಲ. ಒಬ್ಬ ಕೃಷ್ಣ ಮುಪ್ಪಾದರೆ ಕಿರೀಟವನ್ನು ಮತ್ತೊಬ್ಬ ಇಟ್ಟುಕೊಳ್ಳುತ್ತಾನೆ. ‘ಮೊದಲಿನಂವನ ಗತಿ ಇಂವಗ ದನಿ ಇಲ್ಲ ಬಿಡ’ ಎಂದು ಮುಂದೆ ಕೂತ ಹಿರಿಯರು ಗೊಣಗುತ್ತಾರೆ. ಆ ಗೊಣಗಾಟದಲ್ಲೇ ಹೋದವನಿಗೆ ಸಲ್ಲಬೇಕಾದ್ದು ಸಲ್ಲುತ್ತದೆ. ಆಟದಲ್ಲಿ ಪಾತ್ರ ದೊಡ್ಡದು, ವೇಷ ಹಾಕಿದವನು ಅದರ ಗೇಣಿದಾರ. ಹೊಲ ಇನ್ನೊಬ್ಬನ ಕೈಗೆ ಹೋಗುತ್ತದೆ, ಬೀಳು ಬೀಳುವುದಿಲ್ಲ.

ಟೀವಿ ಇದನ್ನು ತಲೆಕೆಳಗು ಮಾಡಿತು. ಸ್ವಾಮಿಯ ಅಪ್ಪ ಆರ್.ಕೆ. ನಾರಾಯಣರ ಪುಸ್ತಕದಲ್ಲಿ ಇದ್ದಾನೆ ನಿಜ, ಆದರೆ ನಮಗೆ ಅವನಿಗಿರುವುದು ಒಂದೇ ಮುಖ. ಆ ಮುಖ ಮಣ್ಣಾದ ಮೇಲೂ ಪಾತ್ರ ಇನ್ನೊಬ್ಬನಿಗೆ ದಾಟಲಿಲ್ಲ. ವಾರಸುದಾರನಿಲ್ಲ. ಹನುಮಂತ ದಾರಾಸಿಂಗರಿಗಿಂತ ಮೊದಲೂ ಇದ್ದ, ಆಮೇಲೂ ಇದ್ದಾನೆ; ಅದಕ್ಕೇ ಆಯಿಗೆ ದುಃಖವಿಲ್ಲ. ನನ್ನ ದುಃಖ ಹುಟ್ಟುವುದು ಆಸರೆಯೇ ಇಲ್ಲದ ಸಾಮಾನ್ಯ ಪಾತ್ರಗಳಲ್ಲಿ: ಅಪ್ಪ, ಅವ್ವ, ಪಕ್ಕದ ಮನೆಯವಳು. ರೀಮಾ ಲಾಗೂ 2017ರಲ್ಲಿ ತೀರಿಕೊಂಡರು. ‘ತು ತು ಮೈ ಮೈ’ಯ ಆ ಅತ್ತೆಯನ್ನು ಇನ್ನಾರಿಗೆ ಒಪ್ಪಿಸುವುದು?

ನಿಪ್ಪಾಣಿಯ ಗೆಳೆಯನೊಬ್ಬ ಇದಕ್ಕೆ ಒಪ್ಪಲಿಲ್ಲ. ಅವನು ಮರಾಠಿ ಚಾನೆಲ್ಲಿನ ಮನುಷ್ಯ. ಲಕ್ಷ್ಮೀಕಾಂತ ಬೇರ್ಡೆ ತೀರಿಕೊಂಡದ್ದು 2004ರ ಡಿಸೆಂಬರಿನಲ್ಲಿ, ಆದರೆ 1988ರ ‘ಅಶೀ ಹೀ ಬನವಾ ಬನವೀ’ ಬಂದಾಗೆಲ್ಲ ನಾವು ಬಿದ್ದು ಬಿದ್ದು ನಗುತ್ತೇವಲ್ಲ, ಅವನಿಗೆ ಯಾವ ವಾರಸುದಾರ, ಅಂದ. ಒಳ್ಳೆಯ ಪ್ರಶ್ನೆ. ಅವನೇ ಉತ್ತರವನ್ನೂ ಕೊಟ್ಟ, ತನಗೆ ಗೊತ್ತಿಲ್ಲದೆ: ಬೇರ್ಡೆಯ ಒಂದು ಡೈಲಾಗನ್ನು ಅದೇ ಎಳೆತದಲ್ಲಿ ಹೊಡೆದು ತೋರಿಸಿದ. ಚಹಾದಂಗಡಿಯ ಹುಡುಗ ಮುಂದಿನ ಮಾತು ಹೊಡೆದ. ಆ ಸಿನಿಮಾ ಬಂದಾಗ ಆ ಹುಡುಗ ಹುಟ್ಟಿಯೇ ಇರಲಿಲ್ಲ. ಮಾತು ಬಾಯಿಂದ ಬಾಯಿಗೆ ದಾಟಿದ್ದರೆ ಅದೂ ಒಂದು ಬಗೆಯ ಪಾರಿಜಾತವೇ.

ಇಷ್ಟಾದರೂ ಒಂದು ಉಳಿಯುತ್ತದೆ: ಈ ದುಃಖವನ್ನು ಏನು ಮಾಡುವುದು? ನಮ್ಮ ಕಡೆ ಸತ್ತವರ ಮನೆಗೆ ಹೋಗುವುದಕ್ಕೆ ‘ಮಾತಾಡಿಸಿ ಬರೂದು’ ಅನ್ನುತ್ತಾರೆ. ಲಿಂಗಾಯತರ ಮನೆಗಳಲ್ಲಿ ಸೂತಕ ಇಲ್ಲ ಅನ್ನುತ್ತಾರೆ, ಮಾತಾಡಿಸುವುದನ್ನು ಮಾತ್ರ ಯಾರೂ ಬಿಟ್ಟಿಲ್ಲ. ಹೋಗಿ ಜಮಖಾನದ ಮೇಲೆ ಕೂಡಬೇಕು. ಸ್ವಲ್ಪ ಹೊತ್ತು ಸುಮ್ಮನಿರಬೇಕು. ಆಮೇಲೆ ‘ಹೆಂಗಾತ?’ ಅನ್ನಬೇಕು. ಆಗ ಮನೆಯವರು ಮಿರಜಿನ ದವಾಖಾನೆಗೆ ಒಯ್ದದ್ದು, ದಾರಿಯಲ್ಲಿ ನೀರು ಕೇಳಿದ್ದು, ಡಾಕ್ಟರ್ ತಲೆ ಅಲ್ಲಾಡಿಸಿದ್ದು ಎಲ್ಲವನ್ನೂ ಮೊದಲಿನಿಂದ ಹೇಳುತ್ತಾರೆ. ನಿಮಗಿಂತ ಮೊದಲು ಬಂದವರಿಗೂ ಹೇಳಿರುತ್ತಾರೆ, ನಿಮ್ಮ ಹಿಂದೆ ಬರುವವರಿಗೂ ಹೇಳುತ್ತಾರೆ. ಹೇಳಿ ಹೇಳಿ ಸಾವು ಕತೆಯಾಗುತ್ತದೆ. ಟೀವಿಯೊಳಗೆ ಹೋದವರಿಗೆ ನಾವು ಮಾತಾಡಿಸಲು ಹೋಗಬೇಕಾದ ಮನೆಯೇ ಇಲ್ಲ. ಹತ್ತಾರು ಮಂದಿ ಕೂಡಿ ನೋಡಿದವರನ್ನು ಈಗ ಒಬ್ಬೊಬ್ಬರೇ, ಕಿವಿಗೆ ವಾಯರು ಹಾಕಿಕೊಂಡು, ನಡುರಾತ್ರಿ ನೋಡುತ್ತೇವೆ. ಕಾರ್ನಾಡರು ಹೋದರೆಂದು ಯಾರಿಗೆ ಹೇಳಲಿ, ಯಾರು ‘ಹೆಂಗಾತ?’ ಅನ್ನಬೇಕು?

ಈ ಸಂಕ್ರಾಂತಿಗೆ ಚಿಂಚಲಿಯ ಅತ್ತಿಯ ಮನೆಗೆ ಹೋಗಿದ್ದೆ. ಮದುವೆಯ ಹಳೆ ವಿಡಿಯೊ ಕ್ಯಾಸೆಟ್ಟನ್ನು ಮೊಮ್ಮಗ ಪೆನ್‌ಡ್ರೈವಿಗೆ ಹಾಕಿಸಿ ತಂದಿದ್ದ. ಇಡೀ ಮನೆ ಕೂತು ನೋಡಿತು. ಊಟದ ಪಂಕ್ತಿಯ ಮೇಲೆ ಕ್ಯಾಮೆರಾದ ಲೈಟು ನಿಧಾನಕ್ಕೆ ಸರಿಯುತ್ತದೆ. ಕೂತವರಲ್ಲಿ ಅರ್ಧಕ್ಕರ್ಧ ಮಂದಿ ಈಗಿಲ್ಲ. ಯಾರೂ ಅಳಲಿಲ್ಲ. ‘ಇಕಾ, ದೊಡ್ಡ ಕಾಕಾ’, ‘ಇಂವಾ ಕುಡಚಿ ಮಾವ, ಮೀಸಿ ನೋಡ ಅವನ್ವು’ ಎಂದು ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದರು. ಲೈಟು ಮಾವನ ಎಲೆಯ ಮುಂದೆ ಬಂತು. ಬಡಿಸುವವನು ಹೋಳಿಗೆ ಹಿಡಿದು ಬಗ್ಗಿದ. ಮಾವ ಎರಡೂ ಕೈ ಎಲೆಗೆ ಅಡ್ಡ ಹಿಡಿದು ತಲೆ ಅಲ್ಲಾಡಿಸಿದ.

‘ನೋಡ್ರಿ, ಲೈಟ್ ಬಿತ್ತಂದ್ರ ಸಾಕಂತಾನ,’ ಅತ್ತಿ ಅಂದಳು. ‘ಮನೀಗೆ ಬಂದ ನಾಕ ತಿಂದಾನ ಅವತ್ತ.’