ಮೊದಲು ತೂಕ, ಆಮೇಲೆ ಮೋಟಾರು

ಈ ಸಲದ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಸೈನ್ಸ್ ಗೆಳೆಯರು ಒಬ್ಬನೇ ಕೂರುವ ಜಲಾಂತರ್ಗಾಮಿಯ ಮಾದರಿ ಮಾಡಿದ್ದರು. ಪಿವಿಸಿ ಪೈಪು, ಆಟಿಕೆಯ ಮೋಟಾರು, ಎರಡು ಬ್ಯಾಟರಿ. ಟಬ್ಬಿಗೆ ಬಿಟ್ಟರೆ ಅದು ಮುಳುಗಲೇ ಇಲ್ಲ. ಮೋಟಾರು ಹಾಕಿದ ಕೂಡಲೇ ಹೊಟ್ಟೆ ಮೇಲಾಗಿ ಹೊರಳಿತು. "ಮೋಟಾರು ಸಾಲದು, ದೊಡ್ಡದು ಬೇಕಿತ್ತು" ಎಂದರು. ಅಡಿಯಲ್ಲಿ ಭಾರವಿಲ್ಲದಿದ್ದರೆ ದೊಡ್ಡ ಮೋಟಾರು ಇನ್ನೂ ಜೋರಾಗಿ ಹೊರಳಿಸುತ್ತದೆ ಎಂದೆ. "ಕಾಮರ್ಸ್‌ನವನಿಗೆ ಇದೆಲ್ಲ ಯಾಕೋ?" ಎಂದುಬಿಟ್ಟರು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಬ್ಬಾನದು ಗುಜರಿ ಅಂಗಡಿ. ಕಾಲೇಜು ಮುಗಿದ ಮೇಲೆ ತರಾಜಿನ ಮುಂದೆ ಕೂರುವವನು ನಾನೇ. ತೂಕದ ವಿಷಯ ನನಗೆ ಹೊಸದಲ್ಲ.

ಕಾರಿಗೆ, ವಿಮಾನಕ್ಕೆ ತೂಕ ಕಡಿಮೆಯಾದಷ್ಟೂ ಒಳ್ಳೆಯದು. ಜಲಾಂತರ್ಗಾಮಿಯ ಲೆಕ್ಕ ಹಾಗಲ್ಲ. ಅದು ನೀರಿನಲ್ಲಿ ಎಷ್ಟು ಜಾಗ ಹಿಡಿಯುತ್ತದೋ ಅಷ್ಟು ನೀರಿನ ತೂಕ ಅದಕ್ಕೂ ಇರಬೇಕು. ಒಂದು ಲೀಟರ್ ಸಿಹಿನೀರು 1 ಕೆ.ಜಿ. ಅಂದರೆ 1,000 ಲೀಟರ್ ಜಾಗ ಹಿಡಿಯುವ ಪೆಟ್ಟಿಗೆ, ಒಳಗಿನ ಮನುಷ್ಯನೂ ಸೇರಿ, 1,000 ಕೆ.ಜಿ. ತೂಗಬೇಕು. ಕಡಿಮೆಯಾದರೆ ತೇಲುತ್ತದೆ, ಹೆಚ್ಚಾದರೆ ತಳ ಸೇರುತ್ತದೆ. ಕಾಲು ಚಾಚಲು ಇನ್ನು 100 ಲೀಟರ್ ಜಾಗವಿರಲಿ ಎಂದರೆ 100 ಕೆ.ಜಿ. ಭಾರವನ್ನೂ ಸೇರಿಸಬೇಕು. ಮೈ ದೊಡ್ಡದಾದರೆ ನೀರು ಹೆಚ್ಚು ತಡೆಯುತ್ತದೆ, ಆಗ ಮೋಟಾರು ದೊಡ್ಡದು, ಬ್ಯಾಟರಿ ದೊಡ್ಡದು, ಅವನ್ನಿಡಲು ಮತ್ತೆ ಜಾಗ. ಸಾಲ ತೀರಿಸಲು ಸಾಲ ಮಾಡಿದ ಹಾಗೆ.

ವೇಗದ ಆಸೆ ಇದಕ್ಕಿಂತ ದುಬಾರಿ. ನೀರಿನೊಳಗೆ ವೇಗ ಎರಡು ಪಟ್ಟಾದರೆ ಶಕ್ತಿ ಸುಮಾರು ಎಂಟು ಪಟ್ಟು ಬೇಕು. ಗಂಟೆಗೆ 2 ಕಿ.ಮೀ. ಹೋಗುತ್ತ 8 ಗಂಟೆ ಬಾಳುವ ಬ್ಯಾಟರಿ, 4 ಕಿ.ಮೀ. ವೇಗದಲ್ಲಿ ಒಂದು ಗಂಟೆಗೆ ಮುಗಿಯುತ್ತದೆ. ಅಲ್ಲಿ 16 ಕಿ.ಮೀ., ಇಲ್ಲಿ ನಾಲ್ಕೇ. ಹಳೆಯ ಸೀಸದ ಬ್ಯಾಟರಿಯನ್ನು ಭಾರವೆಂದು ಎಲ್ಲರೂ ಹಳಿಯುತ್ತಾರೆ. ಜಲಾಂತರ್ಗಾಮಿಯಲ್ಲಿ ಅದನ್ನು ತಳದಲ್ಲಿಟ್ಟರೆ ಹೇಗೂ ಹಾಕಬೇಕಾದ ಭಾರವೇ ಕರೆಂಟನ್ನೂ ಕೊಡುತ್ತದೆ. ಕೈಯಲ್ಲಿ ಕಾಸು ಕಡಿಮೆ ಇರುವವರು ಲಿಥಿಯಂ ಹಿಂದೆ ಓಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದನ್ನು ಅಮೆರಿಕದ ಡೇವಿಡ್ ಬುಶ್ನೆಲ್ 1775ರಲ್ಲೇ ಅರಿತಿದ್ದ. ಅವನ 'ಟರ್ಟಲ್' ಮರದ ಹಲಗೆಯದು, ಒಬ್ಬನೇ ಕೂರಬಹುದಾದದ್ದು. ತಳಕ್ಕೆ ಸೀಸ ಕಟ್ಟಿದ್ದ. ಅದರಲ್ಲಿ 200 ಪೌಂಡ್, ಅಂದರೆ ಸುಮಾರು 90 ಕೆ.ಜಿ.ಯನ್ನು ಒಳಗಿನಿಂದಲೇ ಕೆಳಕ್ಕೆ ಬಿಟ್ಟು ತಟ್ಟನೆ ಮೇಲೇಳಬಹುದಿತ್ತು. ನೀರು ಒಳಗೆ ಬಿಟ್ಟುಕೊಂಡು ಮುಳುಗುವುದು, ಪಂಪಿನಿಂದ ಹೊರಹಾಕಿ ಏಳುವುದು. ತೂಕದ ಲೆಕ್ಕ ಪಕ್ಕಾ.

ಆದರೆ ನನ್ನ ವಾದಕ್ಕೆ ತೊಡಕಾಗುವುದೂ ಅದೇ ಟರ್ಟಲ್. 1776ರ ಸೆಪ್ಟೆಂಬರ್‌ನಲ್ಲಿ ಎಜ್ರಾ ಲೀ ಎಂಬ ಸೈನಿಕ ಅದರಲ್ಲಿ ಕೂತು ನ್ಯೂಯಾರ್ಕ್ ಬಂದರಿನ ಬ್ರಿಟಿಷ್ ಹಡಗು 'ಈಗಲ್' ಕಡೆಗೆ ಹೊರಟ. ಪ್ರೊಪೆಲ್ಲರನ್ನು ಅವನೇ ತಿರುಗಿಸಬೇಕಿತ್ತು. ಹರಿವು ಅವನನ್ನು ಹಡಗಿನಾಚೆ ಎಳೆದೊಯ್ದಿತು. ಬಹಳ ಹೊತ್ತು ಹೆಣಗಿ ಹಡಗಿನ ಅಡಿ ತಲುಪಿದರೂ ಸ್ಫೋಟಕ ಸಿಕ್ಕಿಸಲು ಆಗದೆ ಹಿಂತಿರುಗಿದ. ತೂಕ ಸರಿಯಿದ್ದರೆ ಸಾಕು ಎನ್ನುವ ಹಾಗಿಲ್ಲ, ಒಪ್ಪುತ್ತೇನೆ.

ಹಾಗಂತ ಬಲವನ್ನೇ ಸೇರಿಸುತ್ತ ಹೋದರೆ? ಸ್ಪೇನಿನ ಮೊಂಟುರಿಯೊಲ್ 1864ರಲ್ಲಿ 'ಇಕ್ಟಿನೆಯೊ' ಎಂಬ ತನ್ನ ಎರಡನೆಯ ಜಲಾಂತರ್ಗಾಮಿಯನ್ನು ನೀರಿಗಿಳಿಸಿದ. 16 ಜನ ತಿರುಗಿಸಿದರೂ ಬಲ ಸಾಲಲಿಲ್ಲ. ಉಗಿ ಯಂತ್ರ ಕೂರಿಸಿದ, ಅದು ಓಡಿತು ಕೂಡ. ಅಷ್ಟರಲ್ಲಿ ಕಂಪನಿಯ ದುಡ್ಡು ಮುಗಿದು ಸಾಲಗಾರರು ಬಂದರು. 1868ರಲ್ಲಿ ಅದು ಗುಜರಿಗೆ ಹೋಯಿತು. ಗುಜರಿಯವನ ಮಗನಾದ ನನಗೇ ಓದಿ ಹೊಟ್ಟೆ ಉರಿಯಿತು.

ಮುಂದಿನ ವರ್ಷ ಮಾದರಿಗೆ ಅಂಕ ಕೊಡುವ ಮೇಷ್ಟ್ರುಗಳು "ಎಷ್ಟು ಜೋರಾಗಿ ಓಡುತ್ತದೆ?" ಎಂದು ಕೇಳುವ ಮೊದಲು ತೂಕದ ಪಟ್ಟಿ ಕೇಳಲಿ. ಆ ಪಟ್ಟಿ ಬರೆಯಲು ತಂಡದಲ್ಲಿ ಕಾಮರ್ಸ್‌ನ ಒಬ್ಬರಿಗಾದರೂ ಜಾಗವಿರಲಿ. ಚಂದಾ ಎತ್ತುವುದಕ್ಕೆ ಮಾತ್ರ ನಮ್ಮನ್ನು ಕರೆಯಬೇಡಿ. ಸೀಸದ ಚೂರುಗಳನ್ನು ಕೊಡಲು ಅಬ್ಬಾ ಒಪ್ಪಿದ್ದಾರೆ. ತರಾಜು ಮಾತ್ರ ಸಂಜೆಯೊಳಗೆ ಅಂಗಡಿಗೆ ವಾಪಸ್ ಬರಬೇಕಂತೆ.