ಡಬ್ಬಿ ಒತ್ತಿದರೆ ನೀರು ಬರಲ್ಲ

ಹಾಸ್ಟೆಲ್‌ನಲ್ಲಿ ಇರೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಒಂಬತ್ತಕ್ಕೆ ಇಂಟರ್ನಲ್ಸ್, ಏಳಕ್ಕೇ ನಲ್ಲಿ ಬಂದ್, ಬಕೆಟ್‌ನಲ್ಲಿ ಉಳಿದಿರೋದು ಅರ್ಧ ನೀರು, ತಲೆಯೆಲ್ಲಾ ಜಿಡ್ಡು. ಇಂಥ ಹೊತ್ತಿಗೇ ಡ್ರೈ ಶಾಂಪೂ ಡಬ್ಬಿ ರೂಮಿಂದ ರೂಮಿಗೆ ಓಡಾಡುತ್ತೆ. ಗುರುಮಠಕಲ್ ಕಡೆಯಿಂದ ಬಂದ ನಮಗೆ ಇದು ಹೊಸದು. ನಮ್ಮಲ್ಲಿ ತಲೆ ಎರಕೊಳ್ಳೋದು ಅಂದರೆ ವಾರದ ದೊಡ್ಡ ಕೆಲಸ. ನೀರು ಕಾಯಿಸಬೇಕು, ಸೀಗೆಪುಡಿ ಕಲಸಬೇಕು, ಇಲ್ಲಾ ಅಂಟವಾಳ ನೆನೆ ಹಾಕಬೇಕು. ಗಡಿ ದಾಟಿ ನಾರಾಯಣಪೇಟೆಗೆ ಹೋದರೆ ಅದೇ ಅಂಟವಾಳ ‘ಕುಂಕುಡುಕಾಯಿ’ ಆಗುತ್ತೆ ಅಷ್ಟೆ. ನೀರೇ ಇಲ್ಲದ ಶಾಂಪೂ ಅಂದರೆ ನಮ್ಮ ಅವ್ವಂದಿರು ನಗ್ತಾರೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಡ್ರೈ ಶಾಂಪೂ ಬಳಸಿ, ತಪ್ಪೇನಿಲ್ಲ. ಆದರೆ ಅದು ಒಂದು ದಿನ ದಾಟಿಸೋ ಉಪಾಯ. ನೀರಿನ ಬದಲಿ ಅಲ್ಲ.

ಯಾಕೆ ಅಂದರೆ ಅದು ಏನನ್ನೂ ತೊಳೆಯೋದಿಲ್ಲ. ಅದರಲ್ಲಿ ಮುಖ್ಯವಾಗಿ ಇರೋದು ಅಕ್ಕಿ ಅಥವಾ ಜೋಳದ ಸ್ಟಾರ್ಚ್. ನೆತ್ತಿಯ ಚರ್ಮ ಬಿಡೋ ಎಣ್ಣೆಯನ್ನ ಅದು ಹೀರಿಕೊಳ್ಳುತ್ತೆ, ಬಾಚಿದಾಗ ಒಂದಿಷ್ಟು ಉದುರುತ್ತೆ. ಧೂಳು, ಬೆವರಿನ ಉಪ್ಪು, ಹೊಟ್ಟು ಎಲ್ಲಾ ಅಲ್ಲೇ ಇರುತ್ತೆ. ಮೇಲೆ ಈ ಪುಡಿಯೂ ಸೇರುತ್ತೆ.

ಇನ್ನು ಯಾರಿಗೆ ಯಾವುದು? ಜಾಹೀರಾತು ನೋಡಬೇಡಿ, ನಿಮ್ಮ ತಲೆ ನೋಡ್ಕೊಳ್ಳಿ.

ತೆಳ್ಳಗಿನ, ನೇರ ಕೂದಲಿಗೆ ಇದು ಚೆನ್ನಾಗಿ ಹೊಂದುತ್ತೆ. ಇಂಥ ಕೂದಲಲ್ಲಿ ಜಿಡ್ಡು ಬೇಗ ಕಾಣುತ್ತೆ, ಪುಡಿ ಬಿದ್ದರೆ ಸ್ವಲ್ಪ ದಪ್ಪಗೂ ಕಾಣುತ್ತೆ. ಒಂದು ಗೇಣು ದೂರದಿಂದ ಬುಡಕ್ಕೆ ಮಾತ್ರ ಹೊಡೀರಿ, ಎರಡು ನಿಮಿಷ ಬಿಡಿ, ಆಮೇಲೆ ಬೆರಳಲ್ಲಿ ಉಜ್ಜಿ ಬಾಚಿ.

ಗುಂಗುರು ಕೂದಲಿನವರು ಹುಷಾರು. ನೆತ್ತಿಯ ಎಣ್ಣೆ ಸುರುಳಿ ಇಳಿದು ತುದಿ ಮುಟ್ಟೋದೇ ಕಷ್ಟ, ಅದಕ್ಕೇ ತುದಿ ಒಣಗಿರುತ್ತೆ. ಆಲ್ಕೋಹಾಲ್ ಇರೋ ಸ್ಪ್ರೇ ಇನ್ನಷ್ಟು ಒಣಗಿಸುತ್ತೆ. ಆಲ್ಕೋಹಾಲ್ ಇಲ್ಲದ ಪುಡಿ, ಅದೂ ನೆತ್ತಿಗೆ ಮಾತ್ರ, ಚಿಟಿಕೆಯಷ್ಟು ಸಾಕು.

ನಮ್ಮ ಕಪ್ಪು ಕೂದಲಿಗೆ ಬಿಳಿ ಪುಡಿ ಅಂದರೆ ಇಪ್ಪತ್ತಕ್ಕೇ ನರೆ ಬಂದ ಹಾಗೆ. ಗಾಢ ಬಣ್ಣದ್ದು ತಗೊಳ್ಳಿ. ದುಡ್ಡು ಉಳಿಸಬೇಕಾ? ಎರಡು ಚಮಚ ಕಾರ್ನ್‌ಫ್ಲೋರ್‌ಗೆ ಒಂದು ಚಮಚ ಸಕ್ಕರೆ ಇಲ್ಲದ ಕೋಕೋ ಪುಡಿ ಬೆರೆಸಿ, ರಾತ್ರಿ ಮಲಗೋ ಮುಂಚೆ ಹಚ್ಚಿ, ಬೆಳಿಗ್ಗೆ ಬಾಚಿ.

ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೆ ಬೇಡವೇ ಬೇಡ, ಹಿಟ್ಟು ಕಲಸಿದ ಹಾಗೆ ಆಗುತ್ತೆ. ಎಣ್ಣೆ ಹಚ್ಚಿ ಜಡೆ ಹಾಕಿ ಕ್ಲಾಸಿಗೆ ಬನ್ನಿ, ಏನೀಗ? ಎಣ್ಣೆ ತಲೆ ನೋಡಿ ‘ಹಳ್ಳಿ’ ಅನ್ನೋರಿಗೋಸ್ಕರ ನೂರಾರು ರೂಪಾಯಿ ಯಾಕೆ ಸುರೀಬೇಕು? ಹೊಟ್ಟು, ತುರಿಕೆ ಇದ್ದರೂ ಇದು ಬೇಡ. ಗಿಡ್ಡ ಕೂದಲಿನ ಹುಡುಗರಿಗಂತೂ ಎರಡು ಮಗ್ ನೀರು, ಒಂದು ಸ್ಯಾಷೆ ಸಾಕು.

ಸ್ಪ್ರೇಗಿಂತ ಪುಡಿಯೇ ಛಲೋ ಅನ್ನೋಕೆ ಇನ್ನೊಂದು ಕಾರಣ ಇದೆ. ಸ್ಪ್ರೇ ಡಬ್ಬಿಯನ್ನ ತಳ್ಳೋದು ಹೆಚ್ಚಾಗಿ ಬ್ಯೂಟೇನ್, ಪ್ರೊಪೇನ್. ಅಡುಗೆ ಗ್ಯಾಸ್‌ನಲ್ಲಿ ಇರೋದೂ ಇವೇ. ರೂಮಲ್ಲಿ ಕದ್ದು ಇಟ್ಟಿರೋ ಕಾಯಿಲ್ ಹೀಟರ್ ಪಕ್ಕ ಹೊಡೀಬೇಡಿ. ಡಬ್ಬಿ ಮೇಲೆ 50 ಡಿಗ್ರಿ ದಾಟಬಾರದು ಅಂತ ಬರೆದಿರುತ್ತೆ. ಬೇಸಿಗೆಯಲ್ಲಿ ನಮ್ಮ ಯಾದಗಿರಿ ಜಿಲ್ಲೆ ನೆರಳಲ್ಲೇ 40 ದಾಟುತ್ತೆ, ಬಿಸಿಲಿಗೆ ನಿಂತ ಬಸ್ಸಿನ ಒಳಗೆ ಎಷ್ಟಿರಬಹುದು ನೀವೇ ಲೆಕ್ಕ ಹಾಕಿ. 2022ರ ಅಕ್ಟೋಬರ್‌ನಲ್ಲಿ ಯೂನಿಲಿವರ್ ಅಮೆರಿಕದಲ್ಲಿ ಡವ್, ಟ್ರೆಸೆಮೆ ಮುಂತಾದ ಬ್ರ್ಯಾಂಡ್‌ಗಳ ಕೆಲವು ಸ್ಪ್ರೇ ಡ್ರೈ ಶಾಂಪೂಗಳನ್ನ ವಾಪಸ್ ಕರೆಸಿಕೊಂಡಿತು. ಕ್ಯಾನ್ಸರ್ ತರಬಲ್ಲ ಬೆಂಜೀನ್ ಅವುಗಳಲ್ಲಿ ಇರಬಹುದು ಅನ್ನೋದೇ ಕಾರಣ. ಹೆದರಿಸೋಕೆ ಹೇಳ್ತಿಲ್ಲ. ಕಿಟಕಿ ತೆಗೆದಿಡಿ, ದಿನಾ ಬಳಸಬೇಡಿ, ಅಷ್ಟೆ.

ಈಗ ಅಸಲಿ ಮಾತು. ಡ್ರೈ ಶಾಂಪೂ ಜಿಡ್ಡನ್ನ ಮುಚ್ಚುತ್ತೆ, ಜೊತೆಗೆ ನೀರಿನ ಸಮಸ್ಯೆಯನ್ನೂ ಮುಚ್ಚುತ್ತೆ. ತಲೆ ಚೆನ್ನಾಗಿ ಕಂಡರೆ ಯಾರೂ ನಲ್ಲಿ ಬಗ್ಗೆ ಕೇಳಲ್ಲ. ಮೊಣಕಾಲುದ್ದ ಜಡೆಯ ಗೆಳತಿಗೆ ಅರ್ಧ ಬಕೆಟ್ ಏನೂ ಸಾಲದು. ಬರೋ ನೀರೂ ಗಡಸು. ಕ್ಯಾಲ್ಸಿಯಂ, ಮೆಗ್ನೀಷಿಯಂ ಜೊತೆ ಸಾಬೂನು ಸೇರಿ ಕೂದಲಿಗೆ ಅಂಟಿಕೊಳ್ಳುತ್ತೆ.

ನಾವು ಎಂಜಿನಿಯರಿಂಗ್ ಓದೋರು. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಇಡಿಟಿಎ ಟೈಟ್ರೇಷನ್ ಮಾಡಿದೀವಿ, ವೈನ್ ಕೆಂಪು ನೀಲಿಗೆ ತಿರುಗೋದನ್ನ ನೋಡಿ ಮಾರ್ಕ್ಸ್ ತಗೊಂಡಿದೀವಿ. ಅದನ್ನೇ ನಮ್ಮ ಹಾಸ್ಟೆಲ್ ನೀರಿಗೆ ಮಾಡೋಣ. ಕುಡಿಯೋ ನೀರಿಗೆ ಭಾರತೀಯ ಮಾನಕ ಹೇಳೋ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 600. ನಮ್ಮದು ಎಷ್ಟು ಬರುತ್ತೆ ಅಂತ ಬರೆದಿಟ್ಟು, ನಲ್ಲಿ ಬಂದ್ ಆಗೋ ಟೈಮಿಂಗ್ ಜೊತೆ ವಾರ್ಡನ್ ಕೈಗೆ ಕೊಡೋಣ. ವಾರಕ್ಕೆ ಎರಡು ದಿನ ಬೆಳಿಗ್ಗೆ ಎಂಟೂವರೆ ತನಕ ನೀರು ಬಿಡಿ ಅಂತ ಕೇಳೋಣ.

ಅಲ್ಲೀತನಕ ಕಾರ್ನ್‌ಫ್ಲೋರ್ ಡಬ್ಬ ನಮ್ಮ ರೂಮಲ್ಲೂ ಇರುತ್ತೆ, ಬೇಕಾದೋರು ಬಂದು ತಗೊಳ್ಳಿ.