ಮಳೆಗಾಲದ ಮುನ್ನ ಮರಕ್ಕೆ ಗರಗಸ: ಸವರುವುದೋ, ಬೋಳಿಸುವುದೋ?

ಮೇ ತಿಂಗಳು ಬಂತೆಂದರೆ ಮುಂಬಯಿಯ ರಸ್ತೆಗಳಲ್ಲಿ ಪಾಲಿಕೆಯ ಲಾರಿಗಳೂ ಯಂತ್ರ ಗರಗಸದ ಸದ್ದೂ ಆರಂಭವಾಗುತ್ತವೆ. ಮಳೆಗೆ ಮುನ್ನ ಮರಗಳ ಗೆಲ್ಲು ಸವರುವ ಈ ಕಾರ್ಯ ವರ್ಷಂಪ್ರತಿ ನಡೆಯುತ್ತಿದ್ದರೂ ಗೆಲ್ಲು ಮುರಿದು, ಮರ ಉರುಳಿ ಅನಾಹುತವಾದ ಸುದ್ದಿ ಇಲ್ಲದ ಮಳೆಗಾಲವೇ ಇಲ್ಲ. ಗಾಳಿ ಮಳೆಯನ್ನು ದೂರಿ ನಾವು ಸುಮ್ಮನಾಗುತ್ತೇವೆ. ಕಡಿಯುವ ರೀತಿಯಲ್ಲೇ ದೋಷವಿದೆಯೇ ಎಂದು ಕೇಳುವವರು ಕಡಿಮೆ.

ನಮ್ಮ ಮುಲುಂಡಿನ ಸೊಸೈಟಿಯ ಅನುಭವವನ್ನೇ ಹೇಳುತ್ತೇನೆ. 2022ರ ಮೇಯಲ್ಲಿ ಗುತ್ತಿಗೆದಾರನೊಬ್ಬನ ಆಳುಗಳು ಬಂದು ಗೇಟಿನ ಬಳಿಯ ಗುಲ್‌ಮೊಹರಿನ ನಾಲ್ಕೂ ದೊಡ್ಡ ಗೆಲ್ಲುಗಳನ್ನು ನಡುವಿಗೇ ಕತ್ತರಿಸಿ ಹೋದರು. ಕಡಿದ ಸೊಪ್ಪಿನ ರಾಶಿ ಕಂಡು ದುಡ್ಡು ವಸೂಲಾಯಿತೆಂದು ಸಮಿತಿಗೆ ಸಂತೋಷ. ಮರುವರ್ಷ ಆ ಮೋಟುಗಳಿಂದ ಪೊರಕೆಯಂತೆ ಚಿಗುರು ನೆಗೆಯಿತು. 2025ರ ಜುಲೈಯ ಒಂದು ಸಂಜೆ ಅದೇ ಚಿಗುರು ಬೆಳೆದು ತೋಳು ಗಾತ್ರವಾಗಿದ್ದ ಗೆಲ್ಲೊಂದು ಕಿತ್ತು ಬಂದು ಸ್ಕೂಟರಿನ ಮೇಲೆ ಬಿತ್ತು. ಸ್ವಲ್ಪ ಮೊದಲಷ್ಟೇ ವಾಚ್‌ಮನ್‌ನ ಮಗ ಆ ಸೀಟಿನ ಮೇಲೆ ಕುಳಿತು ಪಾಠ ಓದುತ್ತಿದ್ದ.

ಕಾರಣ ಸರಳ. ಸಹಜವಾಗಿ ಬೆಳೆದ ಗೆಲ್ಲಿನ ಬುಡ ಕಾಂಡದೊಳಗೆ ಪದರ ಪದರವಾಗಿ ಹೆಣೆದುಕೊಂಡಿರುತ್ತದೆ. ಮೋಟಿನಿಂದ ಹುಟ್ಟಿದ ಚಿಗುರು ತೊಗಟೆಯ ಅಡಿಯಲ್ಲಷ್ಟೇ ಅಂಟಿಕೊಂಡಿರುತ್ತದೆ, ಒಳಗೆ ಮೋಟು ಕೊಳೆಯುತ್ತಿರುತ್ತದೆ. ನನ್ನಂಥ ಬ್ಯಾಂಕ್ ಗುಮಾಸ್ತನ ಭಾಷೆಯಲ್ಲಿ ಹೇಳುವುದಾದರೆ ಎಲೆಗಳು ಮರದ ದಿನದ ಸಂಪಾದನೆ, ಕಾಂಡ ಬೇರುಗಳಲ್ಲಿ ಕೂಡಿಟ್ಟ ಪಿಷ್ಟ ಅದರ ಫಿಕ್ಸೆಡ್ ಡಿಪಾಸಿಟ್. ಒಮ್ಮೆಗೇ ಬೋಳಿಸಿದರೆ ಮರ ಡಿಪಾಸಿಟ್ ಮುರಿದು ಚಿಗುರಬೇಕಾಗುತ್ತದೆ. ಬೇರಿನ ಪಾಲಿಗೆ ಏನೂ ಉಳಿಯುವುದಿಲ್ಲ. ಆದ್ದರಿಂದಲೇ ಬಲ್ಲವರು ಒಂದು ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದೆನ್ನುತ್ತಾರೆ. ವಿದ್ಯುತ್ ತಂತಿಗೋ ಡಬಲ್ ಡೆಕ್ಕರ್ ಬಸ್ಸಿಗೋ ತಾಗುತ್ತದೆಂದು ಒಂದೇ ಮಗ್ಗುಲನ್ನು ಕಡಿದ ಮರ ಇನ್ನೊಂದು ಕಡೆಗೆ ಭಾರವಾಗುವುದನ್ನು ಬೇರೆ ಹೇಳಬೇಕಿಲ್ಲ.

ದೊಡ್ಡ ಗೆಲ್ಲು ಕಡಿಯಲು ವೃತ್ತಿನಿರತರು ಅನುಸರಿಸುವುದು ಮೂರು ಕೊಯ್ತದ ಕ್ರಮ. ಕಾಂಡದಿಂದ ಸುಮಾರು ಒಂದಡಿ ದೂರದಲ್ಲಿ ಮೊದಲು ಅಡಿಯಿಂದ ಒಂದು ಕಚ್ಚು. ಅದಕ್ಕಿಂತ ತುಸು ಆಚೆ ಮೇಲಿನಿಂದ ಎರಡನೆಯದು. ಆಗ ಗೆಲ್ಲು ತನ್ನ ಭಾರಕ್ಕೆ ಮುರಿದು ಬೀಳುವಾಗ ಕಾಂಡದ ತೊಗಟೆ ಸುಲಿಯುವುದಿಲ್ಲ. ಉಳಿದ ಮೋಟನ್ನು ಕೊನೆಗೆ ತೆಗೆಯಬೇಕು, ಆದರೆ ಕಾಂಡಕ್ಕೆ ಸಪಾಟಾಗಿ ಅಲ್ಲ. ಗೆಲ್ಲು ಕಾಂಡಕ್ಕೆ ಸೇರುವಲ್ಲಿ ಉಂಗುರದಂತೆ ಉಬ್ಬಿರುವ ಭಾಗವನ್ನು ಉಳಿಸಿ, ಅದರ ಹೊರಗಿನಿಂದ. ಮರ ಗಾಯ ಮುಚ್ಚಿಕೊಳ್ಳುವುದು ಆ ಉಂಗುರದಿಂದಲೇ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟದ್ದು ಇದನ್ನೇ: ಮರದ ಗಾಯ ನಮ್ಮ ಚರ್ಮದಂತೆ ಮಾಯುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಟಾರು, ಪೇಂಟು ಬಳಿಯುವುದು ನಮ್ಮ ಸಮಾಧಾನಕ್ಕೆ ಮಾತ್ರ. ಅಡಿಯಿಂದ ಕಚ್ಚು ಹಾಕುವುದನ್ನಂತೂ ಊರಲ್ಲಿ ನಮ್ಮ ತೋಟದ ಗೆಲ್ಲು ಸವರಲು ಬರುತ್ತಿದ್ದವರು ಯಾವ ಪುಸ್ತಕವನ್ನೂ ಓದದೆ ಬಲ್ಲವರಾಗಿದ್ದರು.

ಕಾನೂನು ಏನೆನ್ನುತ್ತದೆ? 1975ರ ಮಹಾರಾಷ್ಟ್ರ ನಗರ ಪ್ರದೇಶ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರಕ್ಕೆ ಯಾವುದೇ ರೀತಿಯಲ್ಲಿ ಹಾನಿ ಮಾಡುವುದೂ ಮರ ಕಡಿದಂತೆಯೇ. 2021ರ ತಿದ್ದುಪಡಿ 50 ವರ್ಷ ದಾಟಿದ ಮರಗಳಿಗೆ ಪಾರಂಪರಿಕ ಸ್ಥಾನ ನೀಡಿದೆ. ದಿಲ್ಲಿಯಲ್ಲಿ 15.7 ಸೆಂಟಿಮೀಟರ್ ಸುತ್ತಳತೆಯವರೆಗಿನ ಗೆಲ್ಲುಗಳನ್ನು ಅನುಮತಿಯಿಲ್ಲದೆ ಸವರಬಹುದೆಂಬ ಮಾರ್ಗಸೂಚಿಯನ್ನು ಅಲ್ಲಿನ ಹೈಕೋರ್ಟು 2023ರಲ್ಲಿ ರದ್ದುಪಡಿಸಿತು. ಆದರೆ ಕಾಗದದ ಅನುಮತಿ ಒಂದು, ಗರಗಸ ಹಿಡಿದ ಕೈ ಇನ್ನೊಂದು. ಎಷ್ಟು ಮರ ಮುಗಿಯಿತೆಂಬ ಲೆಕ್ಕಕ್ಕೆ ಬಿಲ್ಲು ಪಾವತಿಯಾಗುವಲ್ಲಿ ಮೂರು ಕೊಯ್ತಕ್ಕೆ ಯಾರಿಗೆ ಪುರುಸೊತ್ತು?

ಪಾಲಿಕೆಯನ್ನು ಮಾತ್ರ ದೂರಿದರೆ ಸಾಲದು. 2018ರ ಗಣತಿಯಂತೆ ನಗರದ ಸುಮಾರು 29.75 ಲಕ್ಷ ಮರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಖಾಸಗಿ ಆವರಣಗಳಲ್ಲಿ, ಅಂದರೆ ನಮ್ಮ ಸೊಸೈಟಿಗಳ ಕಾಂಪೌಂಡಿನೊಳಗೆ. ವಾರ್ಡ್ ಕಚೇರಿಯ ಉದ್ಯಾನ ವಿಭಾಗಕ್ಕೆ ಅರ್ಜಿ ಬರೆಯುವವರೂ ಖರ್ಚು ಭರಿಸುವವರೂ ನಾವೇ. ಸಮಿತಿಗಳಲ್ಲಿ ಕಾರ್ಯದರ್ಶಿ, ಖಜಾಂಚಿಗಳಾಗಿ ನಮ್ಮ ತುಳು-ಕನ್ನಡಿಗರು ಎಷ್ಟೋ ಮಂದಿ ಇದ್ದಾರೆ. ಯಾವ ಗೆಲ್ಲು, ಎಲ್ಲಿಗೆ, ಎಷ್ಟು ಎಂದು ಗುತ್ತಿಗೆಯ ಕಾಗದದಲ್ಲಿ ನಾಲ್ಕು ಸಾಲು ಬರೆಸಿಕೊಳ್ಳಲು ಹೆಚ್ಚಿನ ಖರ್ಚೇನಿಲ್ಲ. ಮರದ ಬುಡಕ್ಕೆ ಕಾಂಕ್ರೀಟು ತುಂಬಿ ಬೇರಿನ ಉಸಿರು ಕಟ್ಟಿಸಿದವರೂ ನಾವೇ. ದಿಲ್ಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು.

ನಮ್ಮ ಸೊಸೈಟಿಯಲ್ಲಿ ಈ ಬಾರಿ ಎರಡು ಕೊಟೇಶನ್ ಬಂದಿವೆ. ಒಂದು, ಎಲ್ಲ ಮರಗಳಿಗೂ ಒಟ್ಟಾಗಿ, ಅಗ್ಗದ ದರ. ಇನ್ನೊಂದು, ಹಗ್ಗ ಕಟ್ಟಿ ಮರ ಹತ್ತಿ ಗೆಲ್ಲು ಗೆಲ್ಲು ನೋಡಿ ಕತ್ತರಿಸುವವರದು, ಹೆಚ್ಚುಕಡಿಮೆ ದುಪ್ಪಟ್ಟು. ಬರುವ ಭಾನುವಾರ ಸಭೆ. ಸ್ಕೂಟರಿನವರು ಎರಡನೆಯದಕ್ಕೆ ಮತ ಹಾಕುವುದಾಗಿ ಈಗಲೇ ಹೇಳಿದ್ದಾರೆ.